ಕೊಕ್ಕಿನಲ್ಲೇ ಉಳಿದ ಮೀನು

ದೊಡ್ಡ ಲೆನ್ಸ್ ಕೊಳ್ಳಲು ಬರುವವರಲ್ಲಿ ಎರಡು ಬಗೆ. ಹಕ್ಕಿಯನ್ನು ನೋಡಿ ಲೆನ್ಸ್ ಹುಡುಕಿಕೊಂಡು ಬರುವವರು ಕೆಲವರು. ಪಕ್ಕದವನ ಲೆನ್ಸ್ ನೋಡಿ ಆಮೇಲೆ ಹಕ್ಕಿ ಹುಡುಕಿಕೊಂಡು ಹೋಗುವವರು ಹಲವರು. ಅಂಗಡಿಯ ದೀಪ ಉರಿಯುವುದು ಈ ಎರಡನೆಯವರ ದೆಸೆಯಿಂದ. ಎಕ್ಸ್‌ರೇ ಅಕ್ಕ ಮೊದಲನೆಯ ಬಗೆಯವಳು. ಹೀಗಾಗಿ ಅವಳು ಮೆಟ್ಟಿಲು ಹತ್ತಿ ಬಂದರೆ ಹಳೇ ಕ್ಯಾಮೆರಾ ಮಾರುವ ಅಂಗಡಿಯವರು ಕುರ್ಚಿ ಎಳೆದು ಕೊಡುತ್ತಿದ್ದರೇ ಹೊರತು ಗಲ್ಲಾಪೆಟ್ಟಿಗೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಎಕ್ಸ್‌ರೇ ಅಕ್ಕ ಎಂಬುದು ಆಸ್ಪತ್ರೆ ಕೊಟ್ಟ ಹೆಸರು. ಅಲ್ಲಿಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಸೀಸದ ಏಪ್ರನ್ ತೊಟ್ಟು, "ಉಸಿರು ಎಳ್ಕೊಳ್ಳಿ... ಹಾಗೇ ಹಿಡ್ಕೊಳ್ಳಿ... ಬಿಡಿ" ಎಂದು ಹೇಳುತ್ತಲೇ ಅವಳ ತಲೆ ನೆರೆತಿತ್ತು. ಊರಿನ ಅರ್ಧ ಜನರ ಎದೆಗೂಡು ಅವಳಿಗೆ ಅವರ ಮುಖಕ್ಕಿಂತ ಚೆನ್ನಾಗಿ ಗೊತ್ತು. ರಸ್ತೆಯಲ್ಲಿ ಯಾರಾದರೂ ನಗುತ್ತ ಮಾತನಾಡಿಸಿದರೆ ಅವಳಿಗೆ ಹೆಸರು ನೆನಪಾಗುವುದಿಲ್ಲ, ಎಂದೋ ಮುರಿದು ಕೂಡಿಕೊಂಡ ಪಕ್ಕೆಲುಬು ನೆನಪಾಗುತ್ತದೆ.

ಆ ಕೆಲಸಕ್ಕೊಂದು ಕಟ್ಟಳೆ. ಕಂಡದ್ದನ್ನು ಹೇಳುವಂತಿಲ್ಲ. ಇರಬಾರದ ಕಡೆ ನೆರಳು ಕಂಡರೂ, ಹೊರಗೆ ಬೆಂಚಿನ ಮೇಲೆ ಕೂತ ಹೆಂಡತಿ ಎದ್ದು ಬಂದು "ಏನಾದ್ರೂ ಇದೆಯಾ ಅಕ್ಕ?" ಎಂದು ಕೇಳಿದರೂ, "ಡಾಕ್ಟರ್ ಹೇಳ್ತಾರಮ್ಮ" ಅನ್ನಬೇಕು. ವರ್ಷಾನುಗಟ್ಟಲೆ ಹಾಗೆ ಹೇಳಿ ಹೇಳಿ ಅವಳ ಮುಖವೇ ಊಟದ ಹೊತ್ತಿನಲ್ಲಿ ಮುಚ್ಚಿದ ಕೌಂಟರಿನಂತಾಗಿತ್ತು. ಬೆಳಕಿನಲ್ಲಿ ಕೂತು, ಗರಿ ಬಣ್ಣ ಎಲ್ಲ ಇರುವ ಒಂದು ಜೀವದ ಚಿತ್ರ ತೆಗೆಯಬೇಕೆಂಬ ಆಸೆ ಅವಳಿಗೆ ಹುಟ್ಟಿದ್ದು ಆ ಕೋಣೆಯಲ್ಲೇ. ಕತ್ತಲೆಯಲ್ಲಿ ದುಡಿಯುವವರಿಗೆ ರಜೆಯ ದಿನದ ಬಿಸಿಲಿನ ಮೇಲೆ ಇರುವಷ್ಟು ಆಸೆ ಬೇರೆಯವರಿಗಿರುವುದಿಲ್ಲ.

ಲೆನ್ಸ್ ಆರಿಸುವ ದಿನ ಅಂಗಡಿಯವರು ಮೇಜಿನ ಮೇಲೆ ಎರಡನ್ನಿಟ್ಟರು. ಒಂದು ಉದ್ದದ್ದು, ದಪ್ಪದ್ದು, ತೋಳಿನಷ್ಟಿತ್ತು. ಇನ್ನೊಂದು ಅದರ ಮುಂದೆ ಗಿಡ್ಡ, ಹಗುರ, ಹಿಂದೆಮುಂದೆ ಎಳೆಯಬಲ್ಲದ್ದು.

"ದೊಡ್ಡದನ್ನ ಎತ್ತಿ ನೋಡಿ ಅಕ್ಕ."

ಅಕ್ಕ ಎತ್ತಿದಳು. ಬಲ ಭುಜ ಕಿರ್ರೆಂದಿತು. ಏಳಲಾಗದ ರೋಗಿಗಳನ್ನು ಮಂಚದಿಂದ ಮೇಜಿಗೆ ಎಳೆದೂ ಎಳೆದೂ ಆ ಭುಜ ಎಂದೋ ಕೈಕೊಟ್ಟಿತ್ತು.

"ಮಗು ಎತ್ಕೊಂಡ ಹಾಗಿದೆ ರೀ."

"ಮಗು ಆದ್ರೆ ಒಂದಿನ ಇಳಿದು ತಾನೇ ನಡೆಯುತ್ತೆ. ಇದು ಸಾಯೋವರೆಗೂ ಎತ್ಕೊಳ್ಳೋ ಮಗು."

"ಹಾಗಾದ್ರೆ ಚಿಕ್ಕದು ಕೊಡಿ."

ಅಂಗಡಿಯವರು ಕನ್ನಡಕ ತೆಗೆದು ಒರೆಸಿದರು. "ಮಾರೋನು ಹೇಳಬಾರದ ಮಾತು, ಆದ್ರೂ ಹೇಳ್ತೀನಿ. ಹಗುರದ್ದು ಅಂದ್ರೆ ಕಣ್ಣು ಅಷ್ಟು ದೂರ ಹೋಗಲ್ಲ. ಆಮೇಲೆ ನೀವೇ ಹತ್ರ ಹೋಗ್ಬೇಕು. ನೀವು ಹತ್ರ ಹೋದಷ್ಟೂ ನೀವು ಹಕ್ಕಿ ನೋಡ್ತಿರಲ್ಲ, ಹಕ್ಕಿ ನಿಮ್ಮನ್ನ ನೋಡ್ತಾ ಇರುತ್ತೆ."

"ನೋಡಲ್ಲ ಬಿಡಿ. ನಾನು ಮರೆಯೊಳಗೆ ಕೂತ್ಕೋತೀನಿ."

"ಸ್ಟ್ಯಾಂಡು?"

"ಬೇಡ. ನಮ್ಮ ನಾದಿನಿ ಚೀಲ ಹೊಲಿದುಕೊಟ್ಟಿದಾಳೆ, ಒಳಗೆ ಕಾಳು ತುಂಬಿ. ಅದರ ಮೇಲೆ ಲೆನ್ಸ್ ಇಟ್ರೆ ಕಲ್ಲು ಹಾಗೆ ಕೂತ್ಕೊಳ್ಳುತ್ತೆ."

ಅಂಗಡಿಯವರು ನಿಟ್ಟುಸಿರು ಬಿಟ್ಟರು. ಕಾಳಿನ ಚೀಲದೊಂದಿಗೆ ಪೈಪೋಟಿ ಮಾಡಬಲ್ಲ ಸರಕು ಅವರ ಅಂಗಡಿಯಲ್ಲಿರಲಿಲ್ಲ.

ನಾದಿನಿ ಎಂದರೆ ತಮ್ಮನ ಹೆಂಡತಿ. ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆಗಳನ್ನು ಹಿಗ್ಗಿಸಿ ಕುಗ್ಗಿಸಿ ಕೊಡುವವಳು. ತಮ್ಮ ನಲ್ಲಿ ಪೈಪು ಜೋಡಿಸುವ ಕೆಲಸದವನು. ಮನೆಯಲ್ಲಿ ಮಾತ್ರ ಯಾವ ನಲ್ಲಿಯೂ ಸರಿಯಾಗಿ ನಿಲ್ಲುತ್ತಿರಲಿಲ್ಲ. ಅಕ್ಕನಿಗೆ ಮಹಡಿಯ ಮೇಲಿನ ಕೋಣೆ. ಅಕ್ಕ ಮಿತಭಾಷಿ, ನಾದಿನಿ ಬಾಯಿ ಮುಚ್ಚಿದರೆ ಹೊಟ್ಟೆನೋವು ಬಂತೇನೋ ಎಂದು ವಿಚಾರಿಸಬೇಕು. ಇವರಿಬ್ಬರಿಗೆ ಹೇಗೆ ಹೊಂದಿತು ಎಂದು ತಮ್ಮನಿಗೇ ಆಶ್ಚರ್ಯ. "ಅಡುಗೆಗೆ ತಂದ ಕಾಳೆಲ್ಲ ಎಲ್ಲಿ ಹೋಯ್ತೇ?" ಎಂದು ಅವನು ಕೇಳಿದ ದಿನ, "ಫೋಟೋ ತೆಗೆಯೋಕೆ ಹೋಗಿದೆ" ಎಂದು ಉತ್ತರ ಬಂದಿತ್ತು.

ಮರೆಯನ್ನು ಹೊಲಿದವಳೂ ನಾದಿನಿಯೇ. ಹಳೆಯ ಪರದೆಗಳನ್ನು ಕಂದು, ಮಾಸಲು ಹಸಿರು ಬಣ್ಣದಲ್ಲಿ ಅದ್ದಿ, ನಾಲ್ಕು ಕೋಲಿಗೆ ಇಳಿಬಿಡುವಂತೆ ಮಾಡಿ, ಮುಂದೆ ಲೆನ್ಸಿನ ಮೂತಿ ಹೊರಬರಲು ಅಂಗಿಯ ಕಾಲರಿನಂಥ ಕಿಂಡಿ ಇಟ್ಟಿದ್ದಳು. ಒಳಗೆ ಒಬ್ಬರು ಕಾಲು ಮಡಿಸಿ ಕೂರಬಹುದು. ಸೀನುವ ಹಾಗಿಲ್ಲ.

ಊರಾಚೆ, ಇಟ್ಟಿಗೆಗೆಂದು ಮಣ್ಣು ತೆಗೆದು ಬಿಟ್ಟಿದ್ದ ಹೊಂಡದಲ್ಲಿ ನೀರು ನಿಂತು ಕೆರೆಯಾಗಿತ್ತು. ಅದರ ಒಂದು ಬದಿಯ ಮಣ್ಣಿನ ಗೋಡೆಯಲ್ಲಿ ಮಿಂಚುಳ್ಳಿಯ ಜೋಡಿಯೊಂದು ಬಿಲ ಕೊರೆದಿತ್ತು. ಅಂಗೈಯಲ್ಲಿ ಹಿಡಿಸುವಷ್ಟು ಹಕ್ಕಿ. ಬೆನ್ನ ಮೇಲೆ ನೀಲಿ, ಎದೆಯಲ್ಲಿ ಕಿತ್ತಳೆ, ಮೈಗೆ ಮೀರಿದ ಕೊಕ್ಕು. ಎದುರಿಗೆ ಬಂದಾಗ ಬಣ್ಣದ ಅಂಗಡಿ, ಹಾರಿಹೋದಾಗ ಗೆರೆ. ಅಂಥದ್ದರ ಚಿತ್ರ ತೆಗೆಯಲು ಅದರ ಹಿಂದೆ ಓಡಿ ಪ್ರಯೋಜನವಿಲ್ಲ. ಅದು ಬರುವಲ್ಲಿ ಮೊದಲೇ ಹೋಗಿ ಕೂತಿರಬೇಕು. ಕೂತದ್ದು ಅದಕ್ಕೆ ಗೊತ್ತಾಗಬಾರದು.

ಅದಕ್ಕೆ ಅಕ್ಕನೂ ನಾದಿನಿಯೂ ಒಂದು ಉಪಾಯ ನಡೆಸುತ್ತಿದ್ದರು. ಹಕ್ಕಿ ಹಿಡಿಯುವ ಕಾಲದಿಂದ ಹಕ್ಕಿ ಚಿತ್ರಿಸುವ ಕಾಲದವರೆಗೂ ಬಂದ ಉಪಾಯ. ಬೆಳಗ್ಗೆ ಇಬ್ಬರೂ ಮಾತನಾಡುತ್ತ ಮರೆಯವರೆಗೆ ಹೋಗುತ್ತಿದ್ದರು. ಅಕ್ಕ ಒಳಗೆ ನುಗ್ಗುತ್ತಿದ್ದಳು. ನಾದಿನಿ ಸ್ವಲ್ಪ ಹೊತ್ತು ನಿಂತು, ಹೂವಿನ ಛತ್ರಿ ಬಿಚ್ಚಿ, ಎಲ್ಲರಿಗೂ ಕಾಣುವ ಹಾಗೆ ಗಿಲಿಗಿಲಿ ಬಳೆ ಆಡಿಸುತ್ತ ದಿಬ್ಬ ಹತ್ತಿ ಹೋಗುತ್ತಿದ್ದಳು. ಎಲ್ಲೋ ಕೂತು ನೋಡುತ್ತಿರುವ ಮಿಂಚುಳ್ಳಿಗೆ ಮನುಷ್ಯರು ಬಂದದ್ದು ಕಂಡಿತು, ಮನುಷ್ಯರು ಹೋದದ್ದೂ ಕಂಡಿತು. ಎಷ್ಟು ಜನ ಬಂದರು, ಎಷ್ಟು ಜನ ಹೋದರು ಎಂದು ಕೂಡಿಸಿ ಕಳೆಯುವ ಅಭ್ಯಾಸ ಅದಕ್ಕಿಲ್ಲ. ಅದು ನಿಶ್ಚಿಂತೆಯಿಂದ ಬಿಲಕ್ಕೆ ಬರುತ್ತಿತ್ತು. ಕರೆದುಕೊಂಡು ಹೋಗಲು ನಾದಿನಿ ಮತ್ತೆ ಬರುತ್ತಿದ್ದಳು.

"ಹಕ್ಕಿಗೆ ಲೆಕ್ಕ ಬರಲ್ಲ ಅನ್ನೋ ಒಂದೇ ನಂಬಿಕೆ ಮೇಲೆ ನಿಮ್ಮ ವ್ಯಾಪಾರ ನಡೀತಿದೆ ಅತ್ತಿಗೆ," ಎನ್ನುತ್ತಿದ್ದಳು ನಾದಿನಿ. "ಯಾರಾದ್ರೂ ಮೇಷ್ಟ್ರು ಅದಕ್ಕೆ ಪಾಠ ಹೇಳಿದ್ರೆ ನಿಮ್ಮ ಗತಿಯೇನು?"

"ನಿನ್ನ ಬಳೆ ಸದ್ದಿಗೆ ಮೇಷ್ಟ್ರೇ ಓಡಿಹೋಗ್ತಾರೆ, ಸುಮ್ನಿರು."

ನಾದಿನಿಗೆ ಕ್ಯಾಮೆರಾ ಬೇಡವಾಗಿತ್ತು. ಆದರೆ ದಿಬ್ಬದ ಮೇಲೆ ಕೂತು ನೋಡುವ ಹುಚ್ಚು ಹಿಡಿದಿತ್ತು. ಬಿಲದ ಬಾಯಲ್ಲಿ ಸುಣ್ಣ ಸುರಿದಂಥ ಹಿಕ್ಕೆಯ ಬಿಳಿ ಗೆರೆ ಮೂಡಿದ್ದನ್ನು ಮೊದಲು ಕಂಡವಳು ಅವಳು. ಹಕ್ಕಿ ಮೀನನ್ನು ಬೇರೆ ಥರ ಹಿಡಿದು ತರುತ್ತಿದೆಯಲ್ಲ, ಯಾಕೆ ಎಂದು ಕೇಳಿದವಳೂ ಅವಳು.

"ತಾನು ತಿನ್ನೋದಾದ್ರೆ ಮೀನಿನ ತಲೆ ಒಳಕ್ಕಿರುತ್ತೆ," ಎಂದು ಅಕ್ಕ ವಿವರಿಸಿದ್ದಳು. "ಇನ್ನೊಬ್ರಿಗೆ ಕೊಡೋದಾದ್ರೆ ತಲೆ ಹೊರಕ್ಕೆ. ಗಂಟಲಿಗೆ ತಲೆ ಮೊದಲು ಇಳೀಬೇಕು, ಇಲ್ದಿದ್ರೆ ಮುಳ್ಳು ಚುಚ್ಚುತ್ತೆ. ಒಳಗೆ ಮರಿಯಾಗಿದೆ."

"ನೋಡಿ ಅತ್ತಿಗೆ, ಹಿಡಿದ ರೀತೀಲೇ ಗೊತ್ತಾಗುತ್ತೆ ತುತ್ತು ಯಾರಿಗೆ ಅಂತ. ನಿಮ್ಮ ತಮ್ಮ ತಟ್ಟೆ ಹಿಡಿದ್ರೆ ನೋಡೋದೇ ಬೇಡ, ತಲೆ ಒಳಕ್ಕೇ."

ಇಷ್ಟರವರೆಗೆ ಎಲ್ಲ ನೆಟ್ಟಗಿತ್ತು. ಕೆಡಿಸಿದ್ದು ಒಂದು ಗೋಡೆ.

ಊರಿನಲ್ಲಿ ಹಕ್ಕಿ ಚಿತ್ರ ತೆಗೆಯುವವರ ಕೂಟವೊಂದಿತ್ತು. ಅದರ ಅಧ್ಯಕ್ಷರ ಹೆಗಲಿನಿಂದ ಇಳಿಯದ ಲೆನ್ಸಿನ ಗಾತ್ರದಿಂದಾಗಿ ಅವರಿಗೆ ಫಿರಂಗಿ ಎಂದು ಹೆಸರು. ಹಕ್ಕಿಗಿಂತ ಲೆನ್ಸಿನ ಬಗ್ಗೆ ಹೆಚ್ಚು ಮಾತನಾಡುವ, ಲೆನ್ಸಿಗಿಂತ ತಮ್ಮ ಬಗ್ಗೆ ಇನ್ನೂ ಹೆಚ್ಚು ಮಾತನಾಡುವ ಮನುಷ್ಯ, ಕೆಟ್ಟವರಲ್ಲ. ವರ್ಷಕ್ಕೊಮ್ಮೆಯ ಪ್ರದರ್ಶನಕ್ಕೆ ಅಕ್ಕ ಪ್ರತಿ ಸಲವೂ ಚಿತ್ರ ಕೊಡುತ್ತಿದ್ದಳು, ಅದು ಪ್ರತಿ ಸಲವೂ ನೀರಿನ ಪಾತ್ರೆ ಇಡುವ ಮೂಲೆಯಲ್ಲಿ ತೂಗುತ್ತಿತ್ತು. ಈ ಸಲ ಫಿರಂಗಿ ಅವಳ ಮಿಂಚುಳ್ಳಿಯ ಚಿತ್ರಗಳನ್ನು ಫೋನಿನಲ್ಲಿ ಸರಿಸಿ ಸರಿಸಿ ನೋಡಿ, "ಚೆನ್ನಾಗಿದೆ ಮೇಡಂ. ಆದ್ರೆ ದೂರ. ಕಣ್ಣಲ್ಲಿ ಕಣ್ಣಿಟ್ಟ ಹಾಗಿದ್ರೆ ಬಾಗಿಲೆದುರಿನ ಗೋಡೆ ನಿಮಗೇ" ಎಂದರು.

ಬಾಗಿಲೆದುರಿನ ಗೋಡೆ. ನೆಲಮಾಳಿಗೆಯಲ್ಲಿ ಹೆಸರಿಲ್ಲದೆ ಸಾವಿರಾರು ಚಿತ್ರ ತೆಗೆದವಳಿಗೆ, ಮೂಲೆಯ ಸರಕನ್ನು ಮುಂಗಟ್ಟಿಗೆ ತರುತ್ತೇವೆಂದರೆ ಏನಾಗಬೇಡ!

ಮರುದಿನವೇ ಅವಳು ಮರೆಯ ಕೋಲುಗಳನ್ನು ಕಿತ್ತಳು. ಮರೆಯನ್ನು ಹತ್ತಿರ ಒಯ್ಯುವುದಕ್ಕೂ ಒಂದು ಕ್ರಮವಿದೆ. ದಿನಕ್ಕಿಷ್ಟು ಸರಿಸಿ, ಒಂದೆರಡು ದಿನ ಬಿಟ್ಟು, ಹಕ್ಕಿ ಒಪ್ಪಿತೆಂದು ಖಾತ್ರಿಯಾದ ಮೇಲೆ ಮತ್ತಿಷ್ಟು. ಅಕ್ಕನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಹೊಸ ಹುಡುಗರಿಗೆ ಅದನ್ನು ಹೇಳಿಕೊಟ್ಟವಳೇ ಅವಳು. ಆದರೂ ಒಂದೇ ಏಟಿಗೆ ಬಿಲದ ಮಗ್ಗುಲಿಗೆ ತಂದು ನೆಟ್ಟಳು.

ನಾದಿನಿ ಛತ್ರಿಯನ್ನು ನೆಲಕ್ಕೂರಿ ನಿಂತಳು. "ಇಷ್ಟು ಹತ್ರ ಯಾಕೆ ಅತ್ತಿಗೆ?"

"ಈ ಲೆನ್ಸಿಗೆ ಇಷ್ಟು ಹತ್ರ ಬೇಕು."

"ಮರಿ ಸ್ವಲ್ಪ ದೊಡ್ಡದಾಗ್ಲಿ. ಆಮೇಲೆ ಬೇಕಾದ್ರೆ ಬಿಲದೊಳಗೇ ಹೋಗಿ ಕೂತ್ಕೊಳ್ಳಿ."

"ಪ್ರದರ್ಶನ ಮರಿ ನೋಡ್ಕೊಂಡು ಮುಂದಕ್ಕೆ ಹೋಗಲ್ಲ."

"ಹೋಗ್ಲಿಬಿಡಿ. ಮುಂದಿನ ವರ್ಷ ಗೋಡೆ ಬಿದ್ದುಹೋಗುತ್ತಾ?"

ಆಗ ಅಕ್ಕ ಅನ್ನಬಾರದ್ದನ್ನು ಅಂದಳು. "ಬಟ್ಟೆ ಹೊಲಿಯೋದು ನಿನ್ನ ಕೆಲಸ. ಹಕ್ಕಿ ನನ್ನ ಕೆಲಸ. ನಿನ್ನ ಕೆಲಸ ನೀನು ನೋಡ್ಕೋ."

ನಾದಿನಿ ನೆಲಕ್ಕೂರಿದ್ದ ಛತ್ರಿಯನ್ನು ಎತ್ತಿಕೊಂಡಳು. "ಸರಿ ಅತ್ತಿಗೆ. ಹಾಗಾದ್ರೆ ಬರೋದೂ ಹೋಗೋದೂ ನಿಮ್ಮದೇ," ಎಂದು ದಿಬ್ಬ ಹತ್ತಿಹೋದಳು. ಅಂದು ಅವಳು ಬಳೆ ಆಡಿಸಲಿಲ್ಲ. ಮರುದಿನ ಬೆಳಗ್ಗೆ ಅಕ್ಕ ಕೆಳಗಿಳಿದು ಬಂದಾಗ ಮುಂಗೋಣೆಯ ಯಂತ್ರ ತಟತಟನೆ ಓಡುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಯಾರ ಬಟ್ಟೆ ಹೊಲಿಯುತ್ತಿದ್ದಳೋ, ತಲೆಯೆತ್ತಲಿಲ್ಲ.

ಅಕ್ಕ ಒಬ್ಬಳೇ ಹೋದಳು. ಆ ವಾರ ಮಧ್ಯಾಹ್ನದ ಪಾಳಿ, ಬೆಳಗ್ಗೆಯೆಲ್ಲ ಅವಳದೇ. ಒಬ್ಬಳೇ ಮರೆಗೆ ಹೊಕ್ಕಳು. ಹೊಕ್ಕವಳು ಹೊರಬರಲಿಲ್ಲ. ಅಷ್ಟನ್ನು ನೋಡಿ ತಿಳಿಯಲು ಯಾವ ಹಕ್ಕಿಗೂ ಲೆಕ್ಕ ಬರಬೇಕಾಗಿರಲಿಲ್ಲ.

ಮೊದಲ ದಿನಗಳಲ್ಲಿ ಒಂದು ಹಕ್ಕಿ ದೂರದ ಜೊಂಡಿನಲ್ಲೇ ಕೂತಿತ್ತು, ಅದರ ಜೋಡಿ ಸುಳಿಯಲೇ ಇಲ್ಲ. ಅಭ್ಯಾಸವಾಗುತ್ತದೆ ಎಂದುಕೊಂಡಳು. ಆಮೇಲೊಂದು ಬೆಳಗ್ಗೆ ಅದು ಬಂತು. ಬಿಲದ ಮುಂದೆ ನೀರಿನಲ್ಲಿ ಅವಳೇ ಒಂದು ಕಡ್ಡಿ ನೆಟ್ಟಿದ್ದಳು. ದಪ್ಪ ಕಡ್ಡಿಯಾದರೆ ಹಕ್ಕಿ ಸಣ್ಣದಾಗಿ ಕಾಣುತ್ತದೆಂದು ಬೆರಳಿಗಿಂತ ತೆಳ್ಳಗಿನದನ್ನು, ತೊಗಟೆ ಇದ್ದದ್ದನ್ನು ಆರಿಸಿ. ಮಿಂಚುಳ್ಳಿ ಅದರ ಮೇಲೆ ಬಂದು ಕೂತಿತು. ಕೊಕ್ಕಿನಲ್ಲಿ ಮೀನು.

ಅಕ್ಕನ ಎದೆ ಹಾರಿತು, ಕೈ ಹಾರಲಿಲ್ಲ. ಸೂರ್ಯ ಬೆನ್ನ ಹಿಂದೆ. ನೆಲದಲ್ಲೇ ಕೂತದ್ದರಿಂದ ಲೆನ್ಸು ಹಕ್ಕಿಯ ಕಣ್ಣಿನ ಮಟ್ಟದಲ್ಲಿತ್ತು. ಮೇಲಿನಿಂದ ತೆಗೆದರೆ ಅದು ಬರೀ ಹಕ್ಕಿ, ಸಮಕ್ಕೆ ಬಂದು ತೆಗೆದರೆ ಒಬ್ಬ ಆಸಾಮಿ. ಹಿಂದೆ ದೂರದ ನೀರು ಕದಡದ ಹಸಿರು ಹಾಳೆಯಾಗಿತ್ತು. ಕ್ಯಾಮೆರಾದ ಸದ್ದು ಅಡಗಿಸಿದ್ದಳು. ಫೋಕಸ್ಸಿನ ಚುಕ್ಕೆಯನ್ನು ಕಣ್ಣಿನ ಮೇಲಿಟ್ಟಳು, ಕೊಕ್ಕಿನ ಮೇಲಲ್ಲ. ಕಣ್ಣು ಮಸುಕಾದರೆ ಉಳಿದದ್ದೆಷ್ಟು ಚೊಕ್ಕವಾಗಿದ್ದರೂ ಕಸದ ಬುಟ್ಟಿಗೆ. ಉಸಿರು ಎಳೆದುಕೊಂಡಳು. ಹಿಡಿದಳು. ಒತ್ತಿದಳು.

ಹಕ್ಕಿ ಹೋಗಲಿಲ್ಲ. ಎಂಥ ದಯೆ! ಮಿಂಚುಳ್ಳಿ ಎಂದರೆ ಬಂದೆನೋ ಹೋದೆನೋ ಎನ್ನುವ ಜಾತಿ. ಇದು ಮೀನು ಕಚ್ಚಿಕೊಂಡು ಕೂತೇ ಇತ್ತು. ನೆಟ್ಟಗೆ ಕಿಂಡಿಯ ಕಡೆಗೇ ನೋಡುತ್ತಿತ್ತು. ತಲೆಯನ್ನು ಮೇಲೆ ಕೆಳಗೆ ತೂಗುತ್ತಿತ್ತು. ಕಣ್ಣಲ್ಲಿ ಕಣ್ಣಿಟ್ಟ ಚಿತ್ರ. ಅಕ್ಕ ತೆಗೆದಳು, ತೆಗೆದಳು, ಬೆರಳು ಮರಗಟ್ಟುವವರೆಗೆ ತೆಗೆದಳು. ಬಿಸಿಲು ಬಿಳಿಚಿಕೊಂಡು ಇನ್ನು ಪ್ರಯೋಜನವಿಲ್ಲ ಎನಿಸಿದ ಮೇಲೇ ಎದ್ದದ್ದು. ಎಲ್ಲಕ್ಕಿಂತ ಚೆನ್ನಾಗಿದ್ದ ಒಂದನ್ನು ಹೊಂಡದ ದಂಡೆಯಲ್ಲಿ ನಿಂತೇ ಫೋನಿಗೆ ಇಳಿಸಿಕೊಂಡು ಫಿರಂಗಿಗೆ ಕಳಿಸಿದಳು. ಆಸ್ಪತ್ರೆ ಮುಟ್ಟುವುದರೊಳಗೆ ಉತ್ತರ ಬಂತು: "ಗೋಡೆ ನಿಮ್ಮದು. ಇವತ್ತೇ ಪ್ರಿಂಟಿಗೆ."

ಅಂದು ರೋಗಿಗಳಿಗೆ "ಉಸಿರು ಬಿಡಿ" ಎನ್ನುವುದನ್ನು ಎರಡು ಸಲ ಮರೆತಳಂತೆ.

ರಾತ್ರಿ ಮನೆಗೆ ಬಂದು ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್ ತೆರೆದು ಕೂತಳು. ಸಣ್ಣ ಪರದೆಯಲ್ಲಿ ಕಂಡದ್ದೇ ಬೇರೆ, ದೊಡ್ಡದರಲ್ಲಿ ಕಾಣುವುದೇ ಬೇರೆ. ಒಂದೊಂದಾಗಿ ಮುಂದೆ ಸರಿಸತೊಡಗಿದಳು. ಮೀನಿನ ಮೈ ಮೊದಲ ಚಿತ್ರಗಳಲ್ಲಿ ಒದ್ದೆ, ಬೆಳ್ಳಿ. ಬೆಳಕು ಹಳದಿ. ಸರಿಸಿದಳು. ಬೆಳಕು ಬಿಳಿಯಾಗುತ್ತ ಬಂತು. ಮೀನು ಮಂಕಾಗುತ್ತ ಬಂತು. ಅದೇ ಮೀನು. ಬಾಲದ ತುದಿ ಒಣಗಿ ಮುರುಟಿತ್ತು. ಮತ್ತೂ ಸರಿಸಿದಾಗ ಹಕ್ಕಿ ಅದನ್ನು ಕೊಕ್ಕಿನಲ್ಲೇ ತಿರುಗಿಸಿ ತಾನೇ ನುಂಗಿತ್ತು. ಆಮೇಲೆ ಇನ್ನೊಂದು ಮೀನು, ಮತ್ತೆ ಅದೇ ಕಾಯುವಿಕೆ, ಅದೇ ಒಣಗುವಿಕೆ, ಮತ್ತೆ ನುಂಗುವಿಕೆ.

ಅವಳು ಮೊದಲಿಗೆ ಹೋಗಿ ಮತ್ತೆ ನೋಡಿದಳು. ಮೀನಿನ ತಲೆ ಹೊರಕ್ಕಿತ್ತು.

ಚಿತ್ರ ಓದುವುದು ಅವಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಹಕ್ಕಿ ಅವಳಿಗೆ ಪೋಸು ಕೊಟ್ಟಿರಲಿಲ್ಲ. ಬಾಗಿಲಲ್ಲಿ ಅಡ್ಡ ಕೂತವರು ಎದ್ದು ಹೋಗಲಿ ಎಂದು ತುತ್ತು ಹಿಡಿದು ಕಾದಿತ್ತು. ತಲೆ ತೂಗಿದ್ದು ಹೆದರಿಕೆಗೆ. ಇದು ಇಂದಿನ ಬೆಳಗು. ನಿನ್ನೆಯದೂ ಇತ್ತು, ಮೊನ್ನೆಯದೂ ಇತ್ತು. ಅದು ಜೊಂಡಿನಲ್ಲೇ ಉಳಿದ ದಿನಗಳು; ಅವಳು ಎದ್ದು ಹೋದ ಮೇಲೂ ಮರೆ ಬಿಲದ ಮಗ್ಗುಲಲ್ಲೇ ನಿಂತಿರುತ್ತಿತ್ತು. ಒಳಗಿನ ಮರಿಗಳು ಇನ್ನೂ ಮೈಮೇಲೆ ಗರಿ ಮೂಡದವು. ಊಟ ಬಿಡಿ, ತಾಯಿ ಬಂದು ಕಾವು ಕೊಡದಿದ್ದರೆ ಅವಕ್ಕೆ ಒಂದು ಹಗಲು ದಾಟುವುದೇ ಕಷ್ಟ.

ಅವಳು ಕೆಳಗಿಳಿದು ಬಂದು ಮುಂಗೋಣೆಯ ಬಾಗಿಲಲ್ಲಿ ನಿಂತಳು. ನಾದಿನಿ ಗುಂಡಿ ಹಚ್ಚುತ್ತಿದ್ದಳು. ತಮ್ಮ ಪಕ್ಕದಲ್ಲಿ ಕೂತು ಏನೋ ಮೆಲ್ಲುತ್ತಿದ್ದ.

"ಏನಕ್ಕ, ಗೋಡೆ ಸಿಕ್ತಂತೆ?" ಎಂದ ತಮ್ಮ. "ಸಿಹಿ ಎಲ್ಲಿ?"

ಅಕ್ಕ ಅವನ ಕಡೆ ನೋಡಲಿಲ್ಲ. "ನಾಳೆ ಬೆಳಗ್ಗೆ ನನ್ ಜೊತೆ ಬರ್ತೀಯೇನೇ?" ಎಂದು ನಾದಿನಿಯನ್ನು ಕೇಳಿದಳು.

ನಾದಿನಿ ದಾರ ಕಚ್ಚಿ ತುಂಡು ಮಾಡಿದಳು. "ಯಾಕೆ? ನನ್ನ ಕೆಲಸ ನಾನು ನೋಡ್ಕೋತಿದೀನಲ್ಲ."

"ತಪ್ಪಾಯ್ತು ಮಾರಾಯ್ತಿ. ಮೀನು ಮರಿಗಳಿಗೆ ಮುಟ್ಟಿಲ್ಲ."

ನಾದಿನಿ ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಎದ್ದು ನಿಂತಳು.

ಬೆಳಗಾಗುತ್ತಲೇ ಇಬ್ಬರೂ ಹೋಗಿ ಮೊದಲು ಮರೆಯನ್ನು ಕಿತ್ತು ಸುತ್ತಿದರು, ಕಡ್ಡಿಯನ್ನೂ ಎಳೆದು ಬಿಸಾಕಿದರು. ಆಮೇಲೆ ದಿಬ್ಬದ ಮೇಲೆ, ದೂರ, ಪೊದೆಯ ಹಿಂದೆ ಕೂತರು. ಅಕ್ಕ ಲೆನ್ಸನ್ನು ದುರ್ಬೀನಿನಂತೆ ಹಿಡಿದು ನೋಡುತ್ತಿದ್ದಳು. ಅಷ್ಟು ದೂರಕ್ಕೆ ಬಿಲ ಬರೀ ಕಪ್ಪು ಚುಕ್ಕೆ. ಬಿಸಿಲೇರಿತು. ಮಿಂಚುಳ್ಳಿ ಬಂತು. ಬರಿಗೊಕ್ಕಿನಲ್ಲಿ. ಬಿಲದ ಮುಂದೆ ಒಮ್ಮೆ ಗಾಳಿಯಲ್ಲಿ ತಡೆದು ನಿಂತು, ಒಳಗೆ ಹೊಕ್ಕಿತು. ಅಕ್ಕ ನಾದಿನಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಹಕ್ಕಿ ಹಾಗೇ ಹೊರಬಂದು, ನೀರಿನ ಮೇಲೆ ನೀಲಿ ಗೆರೆ ಎಳೆದು ಹೊರಟುಹೋಯಿತು. ಮತ್ತೆ ಬರಲಿಲ್ಲ.

"ಬೇರೆ ಕಡೆ ಮೀನು ಹುಡುಕೋಕೆ ಹೋಗಿರುತ್ತೆ," ಎಂದಳು ನಾದಿನಿ.

"ಹ್ಞೂಂ."

"ದೊಡ್ಡ ಮೀನು ಬೇಕಾಗಿರುತ್ತೆ."

"ಹ್ಞೂಂ."

ಮಧ್ಯಾಹ್ನ ಹತ್ತಿರವಾದ ಮೇಲೆ ಇಬ್ಬರೂ ಇಳಿದು ಹೋದರು. ಮಣ್ಣಿನ ಗೋಡೆಯ ಬುಡದಿಂದ ಬಿಲದ ಬಾಯಿಯವರೆಗೆ ಕೆಂಪಿರುವೆಗಳ ಸಾಲು. ಅರ್ಧ ಸಾಲು ಒಳಗೆ ಹೋಗುತ್ತಿತ್ತು, ಅರ್ಧ ಹೊರಗೆ ಬರುತ್ತಿತ್ತು. ಹೊರಗೆ ಬರುವವು ಬರಿಬಾಯಲ್ಲಿ ಬರುತ್ತಿರಲಿಲ್ಲ.

ನಾದಿನಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಅಕ್ಕ ನೋಡುತ್ತಲೇ ನಿಂತಳು. ಯಾವ ಡಾಕ್ಟರೂ ಬಂದು ಹೇಳಬೇಕಾದ್ದು ಅಲ್ಲಿ ಏನೂ ಉಳಿದಿರಲಿಲ್ಲ.

ಪ್ರದರ್ಶನದ ಹಾಲಿಗೆ ಅವಳು ಹೋದಾಗ ಚಿತ್ರ ಆಗಲೇ ಗೋಡೆಯ ಮೇಲಿತ್ತು. ಕಿಟಕಿಯಷ್ಟು ದೊಡ್ಡದಾಗಿ ಅಚ್ಚಾಗಿತ್ತು. ಫಿರಂಗಿ ಏಣಿಯ ಮೇಲೆ ನಿಂತು ದೀಪ ತಿರುಗಿಸುತ್ತಿದ್ದರು.

"ಇದನ್ನ ಇಳಿಸಿಬಿಡಿ," ಎಂದಳು ಅಕ್ಕ.

"ಓರೆಯಾಗಿದೆಯಾ?"

"ಮರಿ ಸತ್ತವು. ನಾನು ಕೂತಿದ್ದಕ್ಕೆ ಅದು ಒಳಗೆ ಹೋಗ್ಲಿಲ್ಲ."

ಫಿರಂಗಿ ಏಣಿಯಿಂದ ಇಳಿದು ಬಂದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿದರು. "ಹಾವು ಹೊಕ್ಕಿರಬಹುದು ಮೇಡಂ. ಇಲಿ ಇರಬಹುದು. ನೀವ್ಯಾಕೆ ಮೈಮೇಲೆ ಎಳ್ಕೋತೀರಿ? ಆಹ್ವಾನದ ಕಾರ್ಡಿನ ಮೇಲೂ ಇದೇ ಚಿತ್ರ ಅಚ್ಚಾಗಿದೆ. ಇಳಿಸಿದ್ರೆ ಗೋಡೆ ಬೋಳಾಗುತ್ತೆ."

"ಹಾವಲ್ಲ. ಚಿತ್ರದಲ್ಲೇ ಇದೆ ನೋಡಿ. ಮೀನಿನ ತಲೆ ಎಲ್ಲಿದೆ?"

ಫಿರಂಗಿ ಚಿತ್ರವನ್ನು ನೋಡಲಿಲ್ಲ. ಬದಿಗೆ ನೋಡಿದರು. "ಯಾರಿಗೆ ಗೊತ್ತಾಗುತ್ತೆ ಬಿಡಿ," ಎಂದರು. ಅವರಿಗೆ ಗೊತ್ತಿತ್ತು ಎಂಬುದು ಅಕ್ಕನಿಗೆ ಆಗ ತಿಳಿಯಿತು.

ಅವಳು ಮೆಲ್ಲಗೆ ಹಾಲಿನ ಉದ್ದಕ್ಕೂ ಕಣ್ಣಾಡಿಸಿದಳು. ಹುಳ ಕಚ್ಚಿಕೊಂಡ ಹಕ್ಕಿ. ಏರೋಪ್ಲೇನ್ ಚಿಟ್ಟೆ ಕಚ್ಚಿಕೊಂಡ ಹಕ್ಕಿ. ಬಾಯ್ತುಂಬ ಕಂಬಳಿಹುಳ ತುಂಬಿಕೊಂಡು, ಜುಟ್ಟು ನಿಮಿರಿಸಿ, ಕ್ಯಾಮೆರಾವನ್ನೇ ದಿಟ್ಟಿಸುತ್ತಿರುವ ಹಕ್ಕಿ. ಅದು ಫಿರಂಗಿಯದು, ಹಿಂದಿನ ವರ್ಷ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಅವಳೂ ತಟ್ಟಿದ್ದಳು. ಅರ್ಧ ಗೋಡೆ, ಊಟದ ತಟ್ಟೆ ಹಿಡಿದು ಬಾಗಿಲಾಚೆ ನಿಂತ ತಂದೆತಾಯಂದಿರು. ಎಲ್ಲವೂ ಹಾಗಲ್ಲದಿರಬಹುದು; ತಾನೇ ತಿನ್ನಲು ಹೊರಟವೂ ಇರಬಹುದು. ಯಾವುದು ಯಾವುದೆಂದು ಬಲ್ಲವರು ತೆಗೆದವರು ಮಾತ್ರ, ಅವರು ಬಾಯಿ ಬಿಡುವ ವ್ಯಾಪಾರದಲ್ಲಿರಲಿಲ್ಲ.

"ಇಳಿಸಲ್ವಾ?"

"ಇಳಿಸಲ್ಲ ಮೇಡಂ. ಕ್ಷಮಿಸಿ."

"ಇರ್ಲಿ. ಹಾಗಾದ್ರೆ ನಾನು ಇಲ್ಲೇ ನಿಂತಿರ್ತೀನಿ."

ಫಿರಂಗಿ ಸಂತೋಷಪಟ್ಟರು. ಚಿತ್ರ ತೆಗೆದವರೇ ಪಕ್ಕದಲ್ಲಿ ನಿಂತರೆ ಪ್ರದರ್ಶನಕ್ಕೆ ಕಳೆ. ಆ ಸಂತೋಷ ಬಾಗಿಲು ತೆರೆಯುವವರೆಗೆ ಬಾಳಿತು.

ಮೊದಲು ಬಂದದ್ದು ಮಗಳ ಕೈ ಹಿಡಿದ ಒಬ್ಬ ತಾಯಿ. "ಅಬ್ಬ, ಏನ್ ಗತ್ತು ನೋಡು!" ಎಂದಳು ಮಗಳಿಗೆ. ಅಕ್ಕ ಹೇಳತೊಡಗಿದಳು. ಮೀನಿನ ತಲೆ ಯಾವ ಕಡೆಗಿದೆ ನೋಡಿ, ಬಾಲ ನೋಡಿ, ಬೆಳಕು ನೋಡಿ, ಇದು ಎಷ್ಟು ಹೊತ್ತು ಕಾದಿದೆ ಎಂದು ಇದರಿಂದ ತಿಳಿಯುತ್ತದೆ. ನಾನು ಒಬ್ಬಳೇ ಹೋಗಿದ್ದೆ, ಮರೆಯನ್ನು ಹತ್ತಿರ ಹಾಕಿದ್ದೆ, ಏಳಲಿಲ್ಲ. ಮರಿಗಳು ಸತ್ತವು. ಕೊನೆಯ ಮಾತಿಗೆ ಬರುವಷ್ಟರಲ್ಲಿ ತಾಯಿ ಮಗಳನ್ನು ಮುಂದಿನ ಚಿತ್ರಕ್ಕೆ ಎಳೆದುಕೊಂಡು ಹೋಗಿದ್ದಳು. ಮಗಳು ಮಾತ್ರ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು.

ವಯಸ್ಸಾದವರೊಬ್ಬರು ಪೂರ್ತಿ ಕೇಳಿ, "ಛೆ ಛೆ" ಎಂದು, "ಆದ್ರೂ ಚಿತ್ರ ಬಹಳ ಚೆನ್ನಾಗಿದೆ" ಎಂದರು. ಕುತ್ತಿಗೆಗೆ ಹೊಸ ಕ್ಯಾಮೆರಾ ನೇತುಹಾಕಿಕೊಂಡ ತರುಣನೊಬ್ಬ ತಲೆದೂಗುತ್ತ ಕೇಳಿ, ಕೊನೆಯಲ್ಲಿ "ಶಟರ್ ಸ್ಪೀಡ್ ಎಷ್ಟಿಟ್ಟಿದ್ರಿ ಆಂಟಿ?" ಎಂದು ಕೇಳಿದ. ಅಕ್ಕ ಅದನ್ನೂ ಹೇಳಿದಳು. ಕೇಳಿದ್ದಕ್ಕೆ ಯಾಕೆ ಇಲ್ಲವೆನ್ನಬೇಕು? ಹೇಳಿ, ಮತ್ತೆ ಮೀನಿನ ತಲೆಗೇ ಬಂದಳು. ತರುಣ ಕ್ಯಾಮೆರಾದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತ ಜಾರಿಕೊಂಡ.

ಫಿರಂಗಿ ಎರಡು ಸಲ ಬಂದು ನೀರು ಕುಡಿಯುತ್ತೀರಾ, ಕೂತುಕೊಳ್ಳುತ್ತೀರಾ ಎಂದು ಕೇಳಿದರು. ಮೂರನೇ ಸಲ, "ಜನ ಖುಷಿಯಾಗಿ ನೋಡೋಕೆ ಬಂದಿದಾರೆ ಮೇಡಂ" ಎಂದರು. "ನೋಡ್ಲಿ, ನಾನೇನು ಚಿತ್ರಕ್ಕೆ ಅಡ್ಡ ನಿಂತಿಲ್ವಲ್ಲ" ಎಂದಳು ಅಕ್ಕ. ಸಂಜೆಯ ಹೊತ್ತಿಗೆ ಅವಳ ಗಂಟಲು ಕಟ್ಟಿಹೋಗಿತ್ತು. ಇಡೀ ನೌಕರಿಯಲ್ಲಿ ಆಡದಷ್ಟು ಮಾತನ್ನು ಅವಳು ಒಂದೇ ದಿನ ಆಡಿದ್ದಳು, ಅದರಲ್ಲಿ ಎಷ್ಟು ಖರ್ಚಾಯಿತು ಎಷ್ಟು ಉಳಿಯಿತು ಎಂಬುದು ಅವಳಿಗೆ ತಿಳಿದಿರಲಿಲ್ಲ.

ಹೊರಗೆ ಬಂದಾಗ ನಾದಿನಿ ಮೆಟ್ಟಿಲಿನ ಬಳಿ ನಿಂತಿದ್ದಳು. ಇಬ್ಬರೂ ಮನೆಯ ದಾರಿ ಹಿಡಿದರು.

"ಒಳಗೆ ಬರ್ಬೇಕಾಗಿತ್ತು," ಎಂದಳು ಅಕ್ಕ.

"ಬಾಗಿಲ ಹತ್ರ ನಿಂತು ಕೇಳ್ತಿದ್ದೆ. ಆ ಹಕ್ಕಿ ಮುಖ ನೋಡೋಕಾಗ್ಲಿಲ್ಲ." ನಾದಿನಿ ಪ್ರದರ್ಶನದ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. "ಏನಂದ್ರು ಜನ?"

"ಚೆನ್ನಾಗಿದೆ ಅಂದ್ರು."

"ಹೂಂ. ನೀವು ಹೇಳೋದು ತುಂಬ ಉದ್ದ ಆಯ್ತು ಅತ್ತಿಗೆ. ತಲೆ, ಬಾಲ, ಬೆಳಕು... ಜನಕ್ಕೆಲ್ಲಿದೆ ಅಷ್ಟು ಪುರುಸೊತ್ತು? ಮರಿ ವಿಷಯ ಬರೋಷ್ಟರಲ್ಲಿ ಅವರು ಮುಂದಿನ ಗೋಡೆಗೆ ಹೋಗಿರ್ತಾರೆ. ಮೊದಲ ಮಾತಿಗೇ ಮರಿ ಸತ್ತವು ಅಂತ ಹೇಳಿ. ಆಮೇಲೆ ಕೇಳೋರು ಕೇಳ್ತಾರೆ."

"ನಾಳೆ ಹಾಗೇ ಹೇಳ್ತೀನಿ."

"ಮತ್ತೆ, ನಾನು ಒಬ್ಬಳೇ ಹೋಗಿದ್ದೆ ಅಂತ ಪ್ರತಿ ಸಲ ಅಷ್ಟು ಒತ್ತಿ ಒತ್ತಿ ಯಾಕೆ ಹೇಳ್ತೀರಿ? ಇನ್ನೊಬ್ಬಳು ಮುಖ ಊದಿಸ್ಕೊಂಡು ಮನೇಲಿ ಕೂತಿದ್ಲು ಅಂತ ಎಲ್ಲರಿಗೂ ಕೇಳಿಸುತ್ತೆ."

ಅಕ್ಕ ನಿಂತು ಅವಳ ಮುಖ ನೋಡಿದಳು. "ನಿನ್ನ ತಪ್ಪೇನೂ ಇಲ್ಲ ಕಣೇ ಅದರಲ್ಲಿ."

"ಇದೆ. ನಾಳೆ ನಾನೂ ಬಂದು ನಿಂತ್ಕೋತೀನಿ, ನನ್ನದನ್ನ ನಾನೇ ಹೇಳ್ತೀನಿ." ನಾದಿನಿ ಕಣ್ಣೊರೆಸಿಕೊಂಡಳು. "ನಿಮ್ಮ ಗಂಟಲು ನಾಳೆ ಮಧ್ಯಾಹ್ನದವರೆಗೂ ಬಾಳಲ್ಲ. ನಂದಾದ್ರೆ ಗೊತ್ತಲ್ಲ ನಿಮಗೆ."

ಅಕ್ಕನಿಗೆ ನಗು ಬರಲಿಲ್ಲ. ನಾದಿನಿ ನಗಿಸಲೆಂದು ಹೇಳಿರಲೂ ಇಲ್ಲ. ವಾಹನಗಳು ನಿಲ್ಲುವವರೆಗೆ ಕಾದು, ಇಬ್ಬರೂ ರಸ್ತೆ ದಾಟಿದರು.